ಮೇಲ್ದವಡೆಯೊಳಗೊಂದು ಬ್ಲೋ ಹೋಲ್: ಬೆಳಗಾವಿಯ ಡೆಂಟಲ್ ಕಾಲೇಜ್ ಆಸ್ಪತ್ರೆಗೆ ನನ್ನ ನಾಲ್ಕು ಸ್ಟಾರ್

ಐದನೇ ಸ್ಟಾರ್ ಯಾಕೆ ಕೊಡಲಿಲ್ಲ ಅನ್ನೋದು ಮುಂದೆ ಬರುತ್ತದೆ. ಆಸ್ಪತ್ರೆಯ ಹೆಸರು ಮಾತ್ರ ಹಾಕುವುದಿಲ್ಲ. ಹೊಗಳಿದ್ದಷ್ಟೇ ಬೈದಿದ್ದೂ ಇದೆ, ಅದೂ ಅಲ್ಲದೆ ಇನ್ನೊಂದು ಸಲ ಎಕ್ಸ್‌ರೇಗೆ ಅಲ್ಲಿಗೇ ಹೋಗಿ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕು. ಬೆಳಗಾವಿಯಲ್ಲಿ ಡೆಂಟಲ್ ಕಾಲೇಜು ಒಂದೇ ಏನಿಲ್ಲ, ಸುಮ್ನೆ ಊಹೆ ಮಾಡಬೇಡಿ.

ನನ್ನ ಬಗ್ಗೆ ಎರಡು ಮಾತು. ಊರು ಬೈಲಹೊಂಗಲ, ಕೆಲಸ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ. ಕಾಸ್ಟಿಂಗ್ ತಪಾಸಣೆ ನನ್ನ ಕೆಲಸ. ಅಂದರೆ ಬೇರೆಯವರು ಎರಕ ಹೊಯ್ದ ಮಾಲಿನಲ್ಲಿ ತಪ್ಪು ಹುಡುಕೋದು. ಬಿರುಕು, ಮರಳು, ಬ್ಲೋ ಹೋಲ್. ಬ್ಲೋ ಹೋಲ್ ಅಂದರೆ ಎರಕದೊಳಗೆ ಗಾಳಿ ಸಿಕ್ಕಿಕೊಂಡು ಆಗುವ ಪೊಳ್ಳು. ಹೊರಗಿಂದ ಕಾಸ್ಟಿಂಗ್ ಚೆಂದ ಇರುತ್ತದೆ, ಮಷಿನಿಂಗ್‌ಗೆ ಹೋಗಿ ಮೇಲಿನ ಪದರ ಹಾರಿದಾಗ ತೂತು ಬಾಯಿ ಬಿಡುತ್ತದೆ. ಎಂಟು ವರ್ಷದಿಂದ ಇದನ್ನೇ ಹುಡುಕಿ ಸಂಬಳ ತಗೊಳ್ಳುತ್ತಿರುವ ಮನುಷ್ಯನ ಮೇಲ್ದವಡೆಯೊಳಗೇ ಒಂದು ಇತ್ತು. ಎಷ್ಟು ವರ್ಷದಿಂದ ಇತ್ತೋ.

ನನ್ನ ಮೇಲಿನ ಎರಡು ಮುಂಭಾಗದ ಹಲ್ಲುಗಳ ನಡುವೆ ಚಿಕ್ಕಂದಿನಿಂದ ಸಂದಿ. ಅಕ್ಕಿ ಕಾಳು ತೂರುವಷ್ಟು. ಅಜ್ಜಿ ಅದಕ್ಕೆ ಭಾಳ ಖುಷಿ ಪಡುತ್ತಿದ್ದಳು. "ಹಲ್ಲಾಗ ಸಂದಿ ಇದ್ದವ್ರು ನಸೀಬದವ್ರೋ ತಮ್ಮಾ" ಅಂತ ಬಂದವರಿಗೆಲ್ಲ ನನ್ನ ತುಟಿ ಎತ್ತಿ ತೋರಿಸುತ್ತಿದ್ದಳು. ಆ ಸಂದಿ ಯಾಕಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಎಡಗಡೆ ಹಲ್ಲಿನ ಮೇಲೆ, ಮೂಗಿನ ಕೆಳಗೆ, ತುಟಿಯೊಳಗೆ ಒಂದು ಉಬ್ಬು ಬಂತು. ನೋವಿಲ್ಲ. ನಾಲಿಗೆ ತಾಗಿಸಿದರೆ ಗೊತ್ತಾಗುತ್ತಿತ್ತು ಅಷ್ಟೇ. ಒಂದು ದಿನ ಜೋರು ನೆಗಡಿಯ ಜೊತೆ ಅದೂ ಬಾತು ಮುಖ ಭಾರ ಆಯಿತು. ರೂಮಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಒಂದು ಪುಟ್ಟ ಎಕ್ಸ್‌ರೇ ತೆಗೆದು, ಬೇರಿನ ತುದಿಯಲ್ಲಿ ಕಪ್ಪು ಕಾಣಿಸುತ್ತಿದೆ, ಕೀವು ಆಗಿದೆ, ರೂಟ್ ಕೆನಾಲ್ ಮಾಡಬೇಕು ಅಂದರು. ಹಲ್ಲು ಹುಳುಕಾಗಿರಲಿಲ್ಲ, ಎಂದೂ ಪೆಟ್ಟು ಬಿದ್ದಿರಲಿಲ್ಲ. "ಹುಳುಕಿಲ್ಲದ ಹಲ್ಲಿಗೆ ಕೀವು ಹೆಂಗ್ರೀ ಬಂತು?" ಅಂತ ಕೇಳಿದೆ. ಬರುತ್ತೆ ಅಂದರು. ಮೂರು ಸಲ ಕೂರಿಸಿ ಹಲ್ಲು ಕೊರೆದು, ನರ ತೆಗೆದು, ತುಂಬಿ, ಕ್ಯಾಪ್ ಹಾಕಿದರು. ಮಾತ್ರೆಗೆ ಬಾವು ಇಳಿಯಿತು. ಉಬ್ಬು ಇಳಿಯಲಿಲ್ಲ. ಎಂಟು ತಿಂಗಳಿಗೆ ಮತ್ತೆ ಬಾತಾಗ ಇದೇ ಮಾತ್ರೆ ಇನ್ನೊಮ್ಮೆ. ಮೂರನೇ ಸಲ ನಾನು ಅಲ್ಲಿಗೆ ಹೋಗಲಿಲ್ಲ.

ನಮ್ಮ ಫೌಂಡ್ರಿಯ ಅಕೌಂಟ್ಸ್ ಮೇಡಂ ಹೇಳಿದ್ದು ಕಾಲೇಜಿಗೆ ಹೋಗಿ ಅಂತ. "ಟೈಮ್ ಹಿಡಿತದ, ಆದ್ರ ಎಲ್ಲಾ ನೋಡ್ತಾರ್ರೀ." ಒಂದೇ ಸಾಲಿನಲ್ಲಿ ಅವರು ಪೂರ್ತಿ ರಿವ್ಯೂ ಕೊಟ್ಟಿದ್ದರು, ನಾನು ಸುಮ್ನೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ದಿನ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ನನ್ನ ಮುಂದೆ ನಲವತ್ತು ಜನ. ಖಾನಾಪುರ ಕಡೆಯವರು, ಗೋಕಾಕದವರು, ಮಹಾರಾಷ್ಟ್ರದ ಚಂದಗಡದಿಂದ ಬಂದ ಒಂದು ಕುಟುಂಬ. ಚೀಟಿ ಮಾಡಿಸೋಕೆ ಒಂದು ಸಾಲು, ದುಡ್ಡು ಕಟ್ಟೋಕೆ ಬೇರೆ ಸಾಲು, ಬಿ.ಪಿ. ನೋಡೋಕೆ ಮತ್ತೊಂದು. ಬೋರ್ಡುಗಳು ಹೆಚ್ಚಿನವು ಇಂಗ್ಲಿಷಿನಲ್ಲಿ, ಅದೂ ವಿಭಾಗಗಳ ಉದ್ದುದ್ದ ಹೆಸರು. ಹಲ್ಲು ನೋವು ಅಂತ ಬಂದ ಅಜ್ಜ ಒಬ್ಬರಿಗೆ "ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ" ಅಂದರೆ ಏನು ತಿಳಿಯಬೇಕು? ಪುಣ್ಯಕ್ಕೆ ಅಲ್ಲೊಬ್ಬರು ಮಾವಶಿ ಇದ್ದಾರೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬೈಯುತ್ತಲೇ ಎಲ್ಲರನ್ನೂ ಸರಿಯಾದ ಬಾಗಿಲಿಗೆ ಕಳಿಸುತ್ತಾರೆ. ಆಸ್ಪತ್ರೆ ನಡೆಯುತ್ತಿರೋದು ಅವರಿಂದಲೇ ಅಂತ ನನ್ನ ಅನುಮಾನ.

ಮೊದಲು ನೋಡಿದ್ದು ಹುಡುಗರು. ಬಿಡಿಎಸ್ ಕಲಿಯುತ್ತಿರುವವರು. ಒಬ್ಬ ಬಂದು ಎಲ್ಲ ಕೇಳಿ ಬರೆದುಕೊಂಡ. ಅವನ ಹಿಂದೆ ಇನ್ನೊಬ್ಬಳು ಬಂದು ಅದೇ ಪ್ರಶ್ನೆ. ಆಮೇಲೆ ಪಿ.ಜಿ. ಡಾಕ್ಟರ್, ಅಂದರೆ ಬಿಡಿಎಸ್ ಮುಗಿಸಿ ಮುಂದಿನ ಓದು ಓದುತ್ತಿರುವವರು, ಅವರೂ ಅದನ್ನೇ. ಶುಗರ್ ಇದೆಯಾ, ಗುಟ್ಕಾ ತಿನ್ನುತ್ತೀರಾ, ಮನೆಯಲ್ಲಿ ಯಾರಿಗಾದರೂ ಹೀಗಿದೆಯಾ. ನಾಲ್ಕನೇ ಸಲಕ್ಕೆ ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಆ ನಾಲ್ಕನೆಯವರು, ಇನ್ನೊಬ್ಬರು ಪಿ.ಜಿ. ಮೇಡಂ, ಕೈಗವಸು ಹಾಕಿಕೊಂಡು ಉಬ್ಬಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ, ಹಿಂದೆ ನಿಂತಿದ್ದ ಹುಡುಗರನ್ನು ಕರೆದು "ಇಲ್ಲಿ ಒತ್ತಿ ನೋಡಿ" ಅಂದರು. ಒತ್ತಿದರೆ ಎಲುಬು ಮೊಟ್ಟೆ ಚಿಪ್ಪಿನ ಹಾಗೆ ಸಣ್ಣಗೆ ಬಾಗುತ್ತಿತ್ತು. ಆ ಮೊದಲಿನ ಕ್ಲಿನಿಕ್ಕಿನಲ್ಲಿ ಮೂರು ಸಲ ಕೂತಿದ್ದೆ, ಅಲ್ಲಿ ಯಾರೂ ಬೆರಳಿಟ್ಟು ಒತ್ತಿ ನೋಡಿರಲಿಲ್ಲ.

ಆಮೇಲೆ ಪಕ್ಕದ ಹಲ್ಲುಗಳ ಪರೀಕ್ಷೆ. ತಣ್ಣನೆಯ ಹತ್ತಿ ಒಂದೊಂದಕ್ಕೂ ತಾಗಿಸಿದರು, ಚುರುಕ್ ಅನ್ನುತ್ತಾ ಅಂತ ಕೇಳಿದರು. ಕರೆಂಟಿನ ಸಣ್ಣ ಯಂತ್ರ ಒಂದಿದೆ, ಅದನ್ನೂ ಇಟ್ಟರು. ಎಲ್ಲ ಹಲ್ಲಿಗೂ ಜೀವ ಇತ್ತು. ಕ್ಯಾಪ್ ಹಾಕಿದ್ದಕ್ಕೆ ಮಾತ್ರ ಪರೀಕ್ಷೆ ಮಾಡುವಂತಿಲ್ಲ, ಅದರ ನರ ಆಗಲೇ ತೆಗೆದಾಗಿದೆ.

ಇಲ್ಲಿ ಮೇಡಂ ಒಂದು ಮಾತು ಹೇಳಿದರು, ಅದು ನನಗೆ ತಲೆಯಲ್ಲಿ ಕೂತಿದೆ. ಸಿಸ್ಟ್ ಅಂದರೆ ಒಳಗೆ ನೀರು ತುಂಬಿದ ಚೀಲ. ದವಡೆಯಲ್ಲಿ ಜಾಸ್ತಿ ಕಾಣಿಸುವುದು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಆಗುವ ಸಿಸ್ಟ್. ಆ ಹಲ್ಲು ಮೊದಲು ಜೀವಂತ ಇತ್ತಾ ಸತ್ತಿತ್ತಾ ಅಂತ ಗೊತ್ತಿದ್ದರೆ, ಈ ಸಿಸ್ಟ್ ಅದರದ್ದಾ ಅಲ್ಲವಾ ಅಂತ ಅಲ್ಲೇ ಅರ್ಧ ತೀರ್ಮಾನ ಆಗುತ್ತಿತ್ತು. ಈಗ ಕೊರೆದುಬಿಟ್ಟಿದ್ದಾರೆ, ಸಾಕ್ಷಿ ಹೋಯಿತು. ನಮ್ಮಲ್ಲಿ ಇದಕ್ಕೆ ಬೈಗುಳವೇ ಇದೆ. ಕಾಸ್ಟಿಂಗ್‌ನಲ್ಲಿ ತಪ್ಪು ಕಂಡಾಗ ತಪಾಸಣೆಯವರಿಗೆ ತೋರಿಸದೆ, ಮಾಲು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್‌ನವ ಗ್ರೈಂಡರ್ ಹಿಡಿದು ಉಜ್ಜಿಬಿಟ್ಟರೆ ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ.

ಮಧ್ಯಾಹ್ನ ಓಪಿಜಿ ಅನ್ನುವ ಎಕ್ಸ್‌ರೇ. ಗದ್ದ ಒಂದು ಕಟ್ಟೆ ಮೇಲಿಟ್ಟು ನಿಂತರೆ ಯಂತ್ರ ತಲೆ ಸುತ್ತ ತಿರುಗಿ ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುತ್ತದೆ. ಕಂಪ್ಯೂಟರ್ ಮೇಲೆ ಬಂದ ತಕ್ಷಣ ನನಗೇ ಕಂಡಿತು, ಹೇಳಿಕೊಡುವುದೇ ಬೇಕಾಗಲಿಲ್ಲ. ಮೂಗಿನ ಕೆಳಗೆ ಗುಂಡನೆ ಕಪ್ಪು. ಸುತ್ತಲೂ ಪೆನ್ಸಿಲಿನಲ್ಲಿ ಎಳೆದಂಥ ತೆಳು ಬಿಳಿ ಗೆರೆ. ಆ ಕಪ್ಪಿನೊಳಗೆ ಒಂದು ಸಣ್ಣ ಹಲ್ಲು. ತಲೆಕೆಳಗಾಗಿ. ತುದಿ ಮೂಗಿನ ಕಡೆ, ಬೇರು ಬಾಯಿ ಕಡೆ.

ನಾನು ಫೋನ್ ತೆಗೆದು ಕ್ಲಿನಿಕ್ಕಿನ ಹಳೆಯ ಪುಟ್ಟ ಎಕ್ಸ್‌ರೇ ಫೋಟೊ ತೋರಿಸಿದೆ. ಆ ಫಿಲ್ಮು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೇಡಂ ಅದನ್ನು ದೊಡ್ಡದು ಮಾಡಿ ಮೇಲಿನ ಅಂಚಿಗೆ ಬೆರಳಿಟ್ಟರು. ಅಲ್ಲಿ ಬಿಳಿ ಚೂರೊಂದು ಕತ್ತರಿಸಿದಂತೆ ನಿಂತಿತ್ತು. ಹಲ್ಲಿನ ಬೇರು. ಫಿಲ್ಮನ್ನು ಒಂದು ಬೆರಳು ಮೇಲೆ ಸರಿಸಿ ಇನ್ನೊಂದು ತೆಗೆದಿದ್ದರೆ ಪೂರ್ತಿ ಬರುತ್ತಿತ್ತು. ಎರಡು ವರ್ಷ ಅದು ನನ್ನ ಜೇಬಿನಲ್ಲೇ ಇತ್ತು ಅಲ್ವಾ. ತಪಾಸಣೆ ಮಾಡುವವನ ಜೇಬಿನಲ್ಲಿ.

ಈಗ ಕಾಯಿಲೆ ಬಗ್ಗೆ, ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹಾಲು ಹಲ್ಲು 20, ಶಾಶ್ವತ ಹಲ್ಲು 32. ಕೆಲವರಿಗೆ ಲೆಕ್ಕಕ್ಕಿಂತ ಒಂದೆರಡು ಜಾಸ್ತಿ ಹುಟ್ಟುತ್ತವೆ. ಹಾಗೆ ಹೆಚ್ಚಾಗಿ ಬರುವ ಹಲ್ಲುಗಳಲ್ಲಿ ತೀರಾ ಸಾಮಾನ್ಯವಾದದ್ದು ಮೇಲಿನ ಎರಡು ಮುಂಭಾಗದ ಹಲ್ಲುಗಳ ನಡುವಿನದು. ಮೀಸಿಯೋಡೆನ್ಸ್ ಅನ್ನುತ್ತಾರೆ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ಹೆಚ್ಚಾಗಿ ಮೊನಚಾಗಿರುತ್ತದೆ, ಗಿಡ್ಡ, ಕೆಲವು ಸಲ ತಲೆಕೆಳಗಾಗಿ ಎಲುಬಿನಲ್ಲೇ ಹೂತಿರುತ್ತದೆ. ಹೊರಗೆ ಬರದ ಕಾರಣ ಇದೆ ಅಂತಲೇ ಗೊತ್ತಾಗಲ್ಲ. ಸುಳಿವು ಅಂದರೆ ಹಲ್ಲುಗಳ ನಡುವೆ ಸಂದಿ, ಇಲ್ಲಾ ಮುಂದಿನ ಹಲ್ಲು ಹೊತ್ತಿಗೆ ಸರಿಯಾಗಿ ಬರದೇ ಇರೋದು, ಇಲ್ಲಾ ತಿರುಗಿ ಬರೋದು. ಅಜ್ಜಿಯ ನಸೀಬು ಇದೇ ಆಗಿತ್ತು.

ಇನ್ನು ಆ ಚೀಲ. ಪ್ರತಿ ಹಲ್ಲೂ ಎಲುಬಿನೊಳಗೆ ಬೆಳೆಯುವಾಗ ಅದರ ತಲೆಯ ಸುತ್ತ ಒಂದು ತೆಳು ಪೊರೆ ಇರುತ್ತದಂತೆ. ಹಲ್ಲು ಬಾಯಿಗೆ ಬಂದರೆ ಪೊರೆಯ ಕೆಲಸ ಮುಗಿಯಿತು. ಬರದೆ ಒಳಗೇ ಉಳಿದರೆ, ಕೆಲವರಲ್ಲಿ ಮಾತ್ರ, ಆ ಪೊರೆಗೂ ಹಲ್ಲಿನ ತಲೆಗೂ ನಡುವೆ ನೀರು ತುಂಬೋಕೆ ಶುರುವಾಗುತ್ತದೆ. ನೀರು ಒತ್ತುತ್ತದೆ, ಎಲುಬು ಕರಗಿ ಜಾಗ ಬಿಡುತ್ತದೆ, ಮತ್ತೆ ನೀರು. ನೋವಿಲ್ಲದೆ ವರ್ಷಗಟ್ಟಲೆ ನಡೆಯುತ್ತದೆ. ಇದಕ್ಕೆ ಡೆಂಟಿಜೆರಸ್ ಸಿಸ್ಟ್ ಅಂತ ಹೆಸರು. ಜಾಸ್ತಿ ಆಗೋದು ಕೆಳಗಿನ ಬುದ್ಧಿಹಲ್ಲಿಗೆ, ಆಮೇಲೆ ಮೇಲಿನ ಕೋರೆಹಲ್ಲಿಗೆ. ಹೆಚ್ಚುವರಿ ಹಲ್ಲಿನ ಸುತ್ತ ಆಗೋದು ಇಂಥ ನೂರು ಸಿಸ್ಟುಗಳಲ್ಲಿ 5-6 ಅಷ್ಟೇ, ಆ ಐದಾರರಲ್ಲಿ ಬಹುಪಾಲು ನನ್ನಂಥ ಮುಂಭಾಗದವರದ್ದು. ಅದಕ್ಕೇ ಹುಡುಗರು ಸಾಲಾಗಿ ಬಂದು ನೋಡಿಹೋದರು. ಒಬ್ಬ ಹುಡುಗ ಫೋಟೊ ತಗೊಳ್ಳಲಾ ಅಂತ ಕೇಳಿದ, ಮದುವೆ ಮನೆಯ ಮದುಮಗನ ಹಾಗೆ ಕೂತಿದ್ದೆ.

ಮೂರು ದಿನ ಬಿಟ್ಟು ಸಿಬಿಸಿಟಿ ಅಂತ ಇನ್ನೊಂದು ಸ್ಕ್ಯಾನ್. ಓಪಿಜಿ ಚಪ್ಪಟೆ ಚಿತ್ರ, ಇದು ಹೋಳು ಹೋಳಾಗಿ ಮೂರೂ ಕಡೆಯಿಂದ ತೋರಿಸುತ್ತದೆ. ಚೀಲದ ಅಳತೆ ಅಡ್ಡ 24 ಮಿಲಿಮೀಟರ್, ಎತ್ತರ 19. ಮುಂದಿನ ಎಲುಬು ಕಾಗದದಷ್ಟು ತೆಳು, ಮೇಲೆ ಮೂಗಿನ ತಳಕ್ಕೆ ತಾಗುವಷ್ಟು ಹತ್ತಿರ. ಚೀಲ ಹಿಡಿದುಕೊಂಡಿದ್ದು ಆ ಹೆಚ್ಚುವರಿ ಹಲ್ಲಿನ ಕುತ್ತಿಗೆಗೆ, ನನ್ನ ಕ್ಯಾಪ್ ಹಾಕಿದ ಹಲ್ಲಿನ ಬೇರಿಗಲ್ಲ. ಅಂದರೆ ರೂಟ್ ಕೆನಾಲ್ ಬಹುತೇಕ ಬೇಕಿರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಡಾಕ್ಟರುಗಳು ಇನ್ನೊಬ್ಬ ಡಾಕ್ಟರನ್ನು ಬೈಯಲ್ಲ. ಮೇಡಂ ಸ್ಕ್ರೀನ್ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಾದರು, ನಾನು ಅರ್ಥ ಮಾಡಿಕೊಂಡೆ.

ಅವತ್ತೇ ಸೂಜಿ ಹಾಕಿ ಒಳಗಿನ ನೀರು ಎಳೆದು ನೋಡಿದರು. ಕುಸುಬಿ ಎಣ್ಣೆ ಬಣ್ಣ. ನಾನು ಕೀವು, ರಕ್ತ ಅಂತೆಲ್ಲ ಅಂದುಕೊಂಡಿದ್ದೆ. ಈ ಬಣ್ಣ ಬಂದರೆ ಒಳ್ಳೆಯದು ಅಂದರು, ಬರೀ ರಕ್ತ ಬಂದಿದ್ದರೆ ಕತ್ತಿ ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕಿತ್ತು.

ಎರಡು ದಾರಿ ಇದೆ ಅಂತ ಸರ್ಜರಿ ವಿಭಾಗದ ಸರ್ ಹೇಳಿದರು. ಇವರು ಹಿರಿಯರು, ಧಾರವಾಡದ ಕಡೆಯ ಮಾತು, ಅವಸರ ಇಲ್ಲ. ಒಂದು, ಚೀಲಕ್ಕೆ ಕಿಟಕಿ ಕೊರೆದು ಬಾಯಿಗೆ ತೆರೆದಿಟ್ಟು, ನೀರಿನ ಒತ್ತಡ ಇಳಿಸಿ, ತಾನಾಗೇ ಕುಗ್ಗುವ ಹಾಗೆ ಮಾಡೋದು. ಮಾರ್ಸುಪಿಯಲೈಸೇಷನ್. ಇನ್ನೊಂದು, ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯೋದು. ಎನ್ಯೂಕ್ಲಿಯೇಷನ್. ಮೊದಲನೆಯದನ್ನು ಪಾರ್ಟ್ಷ್ ಅನ್ನುವ ಜರ್ಮನ್ ಸರ್ಜನ್ 1892ರಲ್ಲಿ ಬರೆದಿಟ್ಟರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ ಅಂತ ಪಕ್ಕದ ಹುಡುಗರಿಗೆ ಹೇಳುತ್ತಿದ್ದರು, ನಾನೂ ಕೇಳಿಸಿಕೊಂಡೆ. ತುಂಬಾ ದೊಡ್ಡ ಸಿಸ್ಟಿಗೆ, ಅಥವಾ ಮಕ್ಕಳಲ್ಲಿ ಆ ಹಲ್ಲನ್ನು ಉಳಿಸಿಕೊಂಡು ಹೊರಗೆ ಬರಿಸಬೇಕು ಅಂದಾಗ ಅದು ಒಳ್ಳೆಯದು. ಆದರೆ ತಿಂಗಳುಗಟ್ಟಲೆ ಆ ತೂತನ್ನು ತೊಳೆದುಕೊಳ್ಳುತ್ತಿರಬೇಕು, ಚೀಲ ಒಳಗೇ ಉಳಿಯುತ್ತದೆ. ನನ್ನ ಕೇಸಿನಲ್ಲಿ ಆ ಹಲ್ಲಿಗೆ ಯಾವ ಕೆಲಸವೂ ಇಲ್ಲ. ಉಳಿಸಿ ಏನು ಮಾಡೋದು? "ಹಲ್ಲೂ ಬ್ಯಾಡ, ಚೀಲಾನೂ ಬ್ಯಾಡ. ಎರಡೂ ಒಮ್ಮೆಲೆ ತಗದು ಬಿಡೋಣ್ರಿ" ಅಂದರು.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಇದಕ್ಕೆ ಅರ್ಧ ಸ್ಟಾರ್ ಜಾಸ್ತಿ. ಅದರಲ್ಲಿ ಒಂದೊಂದೇ ಓದಿ ಹೇಳಿದರು: ಬಾವು ಬರುತ್ತದೆ, ಅಂಗುಳಿನ ಮುಂಭಾಗ ಕೆಲವು ವಾರ ಮರಗಟ್ಟಬಹುದು ಯಾಕೆಂದರೆ ಆ ಕಡೆಯ ನರ ಅಲ್ಲೇ ಹಾದುಹೋಗುತ್ತದೆ, ಮೂಗಿಗೆ ತೂತು ಬೀಳುವ ಸಣ್ಣ ಅಪಾಯ ಇದೆ, ಪಕ್ಕದ ಹಲ್ಲಿನ ಜೀವ ಹೋಗಿ ಅದಕ್ಕೂ ಆಮೇಲೆ ರೂಟ್ ಕೆನಾಲ್ ಬೇಕಾಗಬಹುದು. ಮುಂದೆ ಅಂಗುಳು ಮರಗಟ್ಟಿದಾಗ ನಾನು ಹೆದರಲಿಲ್ಲ. ಮೊದಲೇ ಹೇಳಿದ್ದರಲ್ಲ.

ಆಪರೇಷನ್ ದಿನ ಅಣ್ಣ ಬೈಲಹೊಂಗಲದಿಂದ ಬಂದ. ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್. ತುಟಿಯೊಳಗಿನವು ಪರವಾಗಿಲ್ಲ. ಮುಂದಿನ ಹಲ್ಲಿನ ಹಿಂದೆ ಅಂಗುಳಿನಲ್ಲಿ ಸಣ್ಣ ಗುಬ್ಬಿ ಇರುತ್ತದಲ್ಲ, ನಾಲಿಗೆ ತಾಗಿಸಿ ನೋಡಿ, ಅಲ್ಲಿಗೆ ಕೊಟ್ಟದ್ದು ಮಾತ್ರ ಕಣ್ಣಲ್ಲಿ ನೀರು ಬಂತು. ಪೂರ್ತಿ ಆಪರೇಷನ್‌ನಲ್ಲಿ ನೋವು ಅಂದರೆ ಅದೊಂದೇ.

ಆಮೇಲೆ ನೋವಿಲ್ಲ, ಸದ್ದು ಇದೆ. ಒಸಡನ್ನು ಹಲ್ಲಿನ ಕತ್ತಿನ ಗುಂಟ ಬಿಡಿಸಿ ಪರದೆಯ ಹಾಗೆ ಮೇಲೆತ್ತಿದರು. ತೆಳು ಎಲುಬನ್ನು ಕೊರೆಯುವ ಡ್ರಿಲ್, ಮೇಲಿಂದ ನೀರು ಬಿಡುತ್ತಿರುತ್ತಾರೆ, ಇಲ್ಲಾಂದರೆ ಬಿಸಿಗೆ ಎಲುಬು ಸುಟ್ಟುಹೋಗುತ್ತದೆ. ನಮ್ಮಲ್ಲಿ ಮಷಿನಿಂಗ್‌ಗೆ ಕೂಲೆಂಟ್ ಬಿಡುವುದಿಲ್ಲವೇ, ಅದೇ. ನಂತರ ಸಣ್ಣ ಚಮಚದಂಥ ಸಾಧನದಿಂದ ಚೀಲವನ್ನು ಎಲುಬಿನಿಂದ ಬಿಡಿಸುತ್ತಾ ಹೋದರು. ಇದಕ್ಕೇ ಹೊತ್ತು ಹಿಡಿದದ್ದು. ಹರಿಯಬಾರದು, ಚೂರು ಉಳಿದರೂ ಮತ್ತೆ ಬೆಳೆಯಬಹುದು ಅಂತ ಸರ್ ಪದೇ ಪದೇ ಹೇಳುತ್ತಿದ್ದರು. ಕೈಯಿಟ್ಟಿದ್ದು ಪಿ.ಜಿ. ಮೇಡಂ, ಸರ್ ಹೆಗಲ ಹಿಂದೆ. ಕಲಿಯುವವರ ಕೈಗೆ ಬಾಯಿ ಕೊಡೋದಾ ಅಂತ ಅಣ್ಣ ಹೊರಗೆ ಚಿಂತೆ ಮಾಡುತ್ತಿದ್ದನಂತೆ. ನಾನು ಒಳಗಿದ್ದವನು, ನಾನು ಹೇಳುತ್ತೇನೆ: ಕಲಿಯುವವರು ಅವಸರ ಮಾಡಲ್ಲ. ಕಲಿಸುವವರು ಮಾಡೋಕೆ ಬಿಡಲ್ಲ. ನಮ್ಮ ಫೌಂಡ್ರಿಯಲ್ಲೂ ಹೊಸ ಹುಡುಗ ಮಾಡಿದ ಕೋರ್ ಅನ್ನು (ಎರಕದ ಅಚ್ಚಿನೊಳಗೆ ಇಡುವ ಮರಳಿನ ತುಂಡು) ಮೂರು ಜನ ನೋಡುತ್ತಾರೆ, ಇಪ್ಪತ್ತು ವರ್ಷದ ಅನುಭವಸ್ಥ ಮಾಡಿದ್ದನ್ನು ಯಾರೂ ನೋಡಲ್ಲ, ರಿಜೆಕ್ಷನ್ ಯಾವುದರಲ್ಲಿ ಜಾಸ್ತಿ ಅಂತ ಕೇಳಬೇಡಿ.

ಕೊನೆಗೆ ಹಲ್ಲು ಬಂತು. ಬಟ್ಟಲಲ್ಲಿ ಟಣ್ ಅಂತ ಸದ್ದು. ಒಂದೂವರೆ ಗಂಟೆ ಆಗಿತ್ತು. ಕಪ್ಪು ರೇಷ್ಮೆ ದಾರದ ಹೊಲಿಗೆ ಹಾಕಿ, ಎಬ್ಬಿಸಿ ಕೂರಿಸಿ ತೋರಿಸಿದರು. ಕಡಲೆ ಕಾಳಿಗಿಂತ ಸ್ವಲ್ಪ ಉದ್ದ, ಮೊನಚು, ಹಳದಿ. ಕುತ್ತಿಗೆಗೆ ಚೀಲ ಇನ್ನೂ ಅಂಟಿಕೊಂಡೇ ಇತ್ತು, ಒದ್ದೆಯಾದ ಬಲೂನು ಹರಿದಂತೆ. ಮನೆಗೆ ಒಯ್ಯುತ್ತೇನೆ ಅಂದೆ, ಅಜ್ಜಿಗೆ ತೋರಿಸಬೇಕಿತ್ತು. ಕೊಡಲಿಲ್ಲ. ಎರಡನ್ನೂ ಫಾರ್ಮಲಿನ್ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದರು. ಇದು ಬಿಡುವಂತಿಲ್ಲ ಅಂದರು. ಎಕ್ಸ್‌ರೇಯಲ್ಲಿ ಥೇಟ್ ಹೀಗೇ ಕಾಣುವ ಬೇರೆ ಗಂಟುಗಳಿವೆ. ಕೆರಟೋಸಿಸ್ಟ್ ಅಂತ ಒಂದು, ತೆಗೆದರೂ ಮತ್ತೆ ಮತ್ತೆ ಬರುವ ಸ್ವಭಾವದ್ದು. ಅಮೆಲೋಬ್ಲಾಸ್ಟೋಮಾ ಅಂತ ಇನ್ನೊಂದು, ಅದು ಗಡ್ಡೆ, ಎಲುಬು ತಿನ್ನುತ್ತಾ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಯಾವುದೂ ಖಾತ್ರಿ ಅಲ್ಲ. ಹಾಗಾಗಿ ಎಲ್ಲಾದರೂ ಸಿಸ್ಟ್ ತೆಗೆಸಿ, ತೆಗೆದದ್ದನ್ನು ಬುಟ್ಟಿಗೆ ಹಾಕಿದರೆ ಅಲ್ಲೇ ಕೇಳಿ.

ಐದನೇ ಸ್ಟಾರ್ ಹೋದದ್ದು ಇಲ್ಲೇ. ರಿಪೋರ್ಟ್ ಏಳು ದಿನಕ್ಕೆ ಅಂದರು, ಹೊಲಿಗೆ ಬಿಚ್ಚಿಸೋಕೆ ಹೋದಾಗ ಬಂದಿಲ್ಲ ಅಂದರು. ಹತ್ತನೇ ದಿನ ಹೋದೆ, ಈ ಕೌಂಟರ್ ಆ ಕೌಂಟರ್ ಅಂದರು. ಹದಿಮೂರನೇ ದಿನ ರಜೆ ಹಾಕಿ ಮತ್ತೆ ಹೋದರೆ ರಿಪೋರ್ಟ್ ಬಂದು ಐದು ದಿನ ಆಗಿತ್ತು, ಬೇರೆ ವಿಭಾಗದ ಫೈಲಿನಲ್ಲಿ ಮಲಗಿತ್ತು. ಆ ಐದು ದಿನ ನಾನು ರಾತ್ರಿ ಫೋನ್ ಹಿಡಿದು ಅಮೆಲೋಬ್ಲಾಸ್ಟೋಮಾ ಚಿತ್ರ ನೋಡಿಕೊಂಡು ಕೂತಿದ್ದೆ. ಅವ್ವ ರೇಣುಕಾ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು, ನಂಬರ್ ಚೀಟಿಯ ಮೇಲೇ ಇದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಜಾಗದಲ್ಲಿ ಕಾಗದ ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗೋಕೆ ಐದು ದಿನ. ರಿಪೋರ್ಟ್‌ನಲ್ಲಿ ಡೆಂಟಿಜೆರಸ್ ಸಿಸ್ಟ್ ಅಂತಲೇ ಇತ್ತು. ಬೇರೇನಿಲ್ಲ. ಮೇಡಂ ಕ್ಷಮೆ ಕೇಳಿದರು, ತಪ್ಪು ಅವರದ್ದಾಗಿರಲಿಲ್ಲ.

ಮನೆಯಲ್ಲಿ ಹೇಗಿತ್ತು ಅಂದರೆ, ಎರಡನೇ ದಿನ ಮುಖ ನೋಡುವಂತಿರಲಿಲ್ಲ. ಬಾವು ಎರಡು ಮೂರನೇ ದಿನಕ್ಕೇ ಜಾಸ್ತಿ, ಆಮೇಲೆ ಇಳಿಯುತ್ತದೆ. ಮೊದಲ ದಿನ ಐಸ್. ಜೋರಾಗಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಸ್ಟ್ರಾ ಹಾಕಿ ಏನೂ ಕುಡಿಯಬಾರದು, ಉಗುಳಬಾರದು. ಫೌಂಡ್ರಿಯಲ್ಲಿ ಕೆಲಸ ಮಾಡುವವನಿಗೆ ಉಗುಳಬೇಡ ಅಂದರೆ ಕಷ್ಟವೇ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಕೊಟ್ಟರು, ಎರಡು ವಾರಕ್ಕೆ ಹಲ್ಲು ಕಂದು ಆಗಿ ಚಹಾದ ರುಚಿಯೇ ಹೋಯಿತು, ಆಮೇಲೆ ಎರಡೂ ಸರಿಯಾದವು. ಊಟ ಅಂದರೆ ಗಂಜಿ, ನುಚ್ಚು-ಮಜ್ಜಿಗೆ, ಮೊಸರನ್ನ. ರೊಟ್ಟಿ ಬೇಡ ಅಂದಿದ್ದರು. ಹದಿನೈದು ದಿನ ಜೋಳದ ರೊಟ್ಟಿ ಇಲ್ಲದೆ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕಟಕ ರೊಟ್ಟಿ ಮುಟ್ಟಿದ್ದು ಎರಡು ತಿಂಗಳ ಮೇಲೆ, ಅದೂ ಪಕ್ಕದ ಹಲ್ಲಲ್ಲಿ. ಅಂಗುಳಿನ ಮುಂಭಾಗ ಮೂರು ತಿಂಗಳು ಬೇರೆಯವರದ್ದು ಅನ್ನಿಸುತ್ತಿತ್ತು, ಬಿಸಿ ಚಹಾ ಗೊತ್ತಾಗುತ್ತಿರಲಿಲ್ಲ. ಈಗ ಬಂದಿದೆ.

ಖರ್ಚು ಕೇಳುವವರಿಗೆ: ಎಕ್ಸ್‌ರೇ, ಸ್ಕ್ಯಾನ್, ಆಪರೇಷನ್, ಲ್ಯಾಬ್, ಔಷಧ ಎಲ್ಲ ಸೇರಿ ನನಗೆ 14 ಸಾವಿರದ ಆಸುಪಾಸು ಆಯಿತು. ಕ್ಲಿನಿಕ್ಕಿನ ರೂಟ್ ಕೆನಾಲ್ ಮತ್ತು ಕ್ಯಾಪಿಗೆ ಮೊದಲೇ ಒಂಬತ್ತು ಸಾವಿರ ಕೊಟ್ಟಿದ್ದೆ. ರಜೆ ಒಟ್ಟು ಹತ್ತು ದಿನ. ಹೋಗುವವರು ಬೆಳಿಗ್ಗೆ ಎಂಟೂವರೆಗೇ ಚೀಟಿ ಸಾಲಿನಲ್ಲಿ ನಿಲ್ಲಿ, ಸೋಮವಾರ ಬಿಟ್ಟು ಬೇರೆ ದಿನ ಹೋಗಿ, ಹಳೆಯ ಎಕ್ಸ್‌ರೇ ಎಷ್ಟೇ ಚಿಕ್ಕದಿರಲಿ ತಗೊಂಡು ಹೋಗಿ. ಕ್ಯಾಂಟೀನಿನ ಚಹಾ ಬೇಡ. ಹೊರಗೆ ಗಾಡಿಯವನ ಗಿರಮಿಟ್ಟು ಚೆನ್ನಾಗಿದೆ, ಆದರೆ ಆಪರೇಷನ್‌ಗೆ ಮುಂಚೆ ತಿಂದುಬಿಡಿ, ಆಮೇಲೆ ಬರೀ ನೋಡಬೇಕಾಗುತ್ತದೆ.

ಮಕ್ಕಳಿರುವವರಿಗೆ ಒಂದು. ಮೇಲಿನ ಮುಂದಿನ ಎರಡು ಹಲ್ಲು ಏಳೆಂಟು ವರ್ಷಕ್ಕೆ ಬರಬೇಕಂತೆ. ಒಂದು ಬಂದು ಇನ್ನೊಂದು ಆರು ತಿಂಗಳಾದರೂ ಬರದಿದ್ದರೆ ಎಕ್ಸ್‌ರೇ ತೆಗೆಸಿ ಅಂದರು. ಆ ವಯಸ್ಸಿನಲ್ಲಿ ಸಿಕ್ಕರೆ ಎಷ್ಟೋ ಸಲ ಹೆಚ್ಚುವರಿ ಹಲ್ಲು ತೆಗೆದರೆ ಸಾಕು, ಸರಿ ಹಲ್ಲು ತಾನಾಗೇ ಇಳಿಯುತ್ತದೆ. ಕೆಲವು ಮನೆತನಗಳಲ್ಲಿ ಇದು ಹರಿದು ಬರುತ್ತದೆ ಅಂತಲೂ ಹೇಳಿದ್ದಕ್ಕೆ ಅಕ್ಕನ ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋದೆ. ಅವನಿಗೆ ಏನೂ ಇಲ್ಲ. ಎಕ್ಸ್‌ರೇ ಯಂತ್ರ ಇನ್ನೊಂದು ಸಲ ತಿರುಗಿಸಿ ಅಂತ ಹಟ ಮಾಡಿದ, ಅಷ್ಟೇ.

ಆರು ತಿಂಗಳ ಎಕ್ಸ್‌ರೇ ಆಯಿತು. ಕಪ್ಪು ಇನ್ನೂ ಇದೆ, ಅಂಚಿನಿಂದ ಒಳಕ್ಕೆ ಮಂಜು ಕವಿದಂತೆ ಬಿಳಿ ಬರುತ್ತಿದೆ. ಎಲುಬು. ಬೇರೆ ಏನೂ ತುಂಬಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿ ಅದೇ ನಿಧಾನಕ್ಕೆ ಎಲುಬಾಗುತ್ತದೆ, ಪೂರ್ತಿ ಆಗೋಕೆ ವರ್ಷ ಮೇಲೆ ಬೇಕು ಅಂದರು. ನಾನು ಸ್ಕ್ರೀನ್ ಮುಂದೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತೆ. ನಮ್ಮಲ್ಲಿ ಬ್ಲೋ ಹೋಲ್ ಬಂದ ಮಾಲು ಮತ್ತೆ ಫರ್ನೇಸಿಗೇ ಹೋಗೋದು.

ಮುಂದಿನ ಎಕ್ಸ್‌ರೇ ಇನ್ನಾರು ತಿಂಗಳಿಗೆ. ಅಷ್ಟರಲ್ಲಿ ಬೇಕಾದರೆ ಕ್ಲಿಪ್ ಹಾಕಿ ಸಂದಿ ಮುಚ್ಚಬಹುದು, ಈಗ ನಡುವೆ ಅಡ್ಡ ಏನೂ ಇಲ್ಲ ಅಂತ ಮೇಡಂ ಹೇಳಿದ್ದಾರೆ. ಮನೆಯಲ್ಲಿ ಹೇಳಿದೆ. ಅಜ್ಜಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.